27 ಇಂಚು ಸರಿ, ಫುಲ್ ಎಚ್‌ಡಿ ಬೇಡ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ಪುಸ್ತಕಗಳ ಕರಡು ತಿದ್ದುವ, ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಪೇಜ್‌ಮೇಕರ್, ಆಗಾಗ ವರ್ಡ್. ಇರುವುದು 14 ಇಂಚಿನ ವಿಂಡೋಸ್ ಲ್ಯಾಪ್‌ಟಾಪ್, ಐದಾರು ವರ್ಷ ಹಳೆಯದು. ಸಂಜೆ ಆಗುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ವಯಸ್ಸು 46, ಬೈಫೋಕಲ್ ಕನ್ನಡಕ ಇದೆ. 20 ಸಾವಿರದೊಳಗೆ ಒಂದು ಮಾನಿಟರ್ ತಗೊಳ್ಳೋಣ ಅಂತಿದ್ದೇನೆ. ಅಂಗಡಿಯವರು 27 ಇಂಚಿನ ಫುಲ್ ಎಚ್‌ಡಿ ಕರ್ವ್ಡ್ ಮಾನಿಟರ್ ತೋರಿಸುತ್ತಿದ್ದಾರೆ. ಮಗ 4ಕೆನೇ ಇರಲಿ ಅನ್ನುತ್ತಾನೆ. ನಮ್ಮ ಮನೆಯವರು ಹಾಲ್‌ನಲ್ಲಿರುವ 32 ಇಂಚಿನ ಟಿವಿಗೇ ಜೋಡಿಸಿದರೆ ಸಾಲದಾ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತೂ ಬೇಡ. ನಿಮ್ಮ ಕೆಲಸಕ್ಕೆ ಹೊಂದುವುದು 27 ಇಂಚಿನ, ಚಪ್ಪಟೆ ಪರದೆಯ, ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆಯ ಪರದೆ) ಇರುವ ಕ್ಯುಎಚ್‌ಡಿ ಮಾನಿಟರ್. ಕ್ಯುಎಚ್‌ಡಿ ಎಂದರೆ ಅಡ್ಡಕ್ಕೆ 2560, ಮೇಲಿಂದ ಕೆಳಕ್ಕೆ 1440 ಚುಕ್ಕೆ (ಪಿಕ್ಸೆಲ್). ಫುಲ್ ಎಚ್‌ಡಿ ಅಂದರೆ 1920ಕ್ಕೆ 1080, 4ಕೆ ಅಂದರೆ 3840ಕ್ಕೆ 2160. ಪೆಟ್ಟಿಗೆಯ ಮೇಲೆ 1440ಪಿ ಅಂತಲೋ 2ಕೆ ಅಂತಲೋ ಬರೆದಿರಬಹುದು, ಎಲ್ಲ ಒಂದೇ. ಸ್ಟ್ಯಾಂಡನ್ನು ಮೇಲೆ ಕೆಳಗೆ ಸರಿಸುವಂತಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಬಜೆಟ್‌ನಲ್ಲಿ ಇದು ಸಿಗುತ್ತದೆ, ಸ್ವಲ್ಪ ಹುಡುಕಬೇಕು ಅಷ್ಟೆ.

ಯಾಕೆ ಅಂತ ಹೇಳುತ್ತೇನೆ. ಮಾನಿಟರ್ ಕೊಳ್ಳುವವರು ಮೊದಲು ಕೇಳುವುದು ಎಷ್ಟು ಇಂಚು ಅಂತ. ಆದರೆ ಓದುವ ಕೆಲಸಕ್ಕೆ ಮುಖ್ಯವಾದ ಲೆಕ್ಕ ಬೇರೆ. ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಕೂತಿವೆ ಅನ್ನುವುದು. ನಿಮ್ಮ 14 ಇಂಚಿನ ಲ್ಯಾಪ್‌ಟಾಪ್ ಫುಲ್ ಎಚ್‌ಡಿ ಆಗಿದ್ದರೆ ಇಂಚಿಗೆ ಸುಮಾರು 157 ಚುಕ್ಕೆ ಇರುತ್ತವೆ. ಅದೇ ಫುಲ್ ಎಚ್‌ಡಿಯನ್ನು 24 ಇಂಚಿಗೆ ಹಿಗ್ಗಿಸಿದರೆ 92. 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಪರದೆ ದೊಡ್ಡದಾಯಿತು, ಆದರೆ ಹೆಚ್ಚಿನ ಜಾಗವೇನೂ ಸಿಗಲಿಲ್ಲ. ಅದೇ ಚುಕ್ಕೆಗಳು ದಪ್ಪ ಆದವು, ಅಷ್ಟೆ. 27 ಇಂಚಿನ ಕ್ಯುಎಚ್‌ಡಿಯಲ್ಲಿ ಇಂಚಿಗೆ 109 ಚುಕ್ಕೆ, 27 ಇಂಚಿನ 4ಕೆಯಲ್ಲಿ 163.

ಇಂಗ್ಲಿಷ್ ಓದುವವರು 82ರಲ್ಲೂ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಕನ್ನಡದ ಕರಡು ತಿದ್ದುವವರಿಗೆ ಅದು ಆಗದ ಮಾತು. ನಮ್ಮ ಅಕ್ಷರಗಳ ವ್ಯತ್ಯಾಸ ಇರುವುದೇ ಸಣ್ಣ ಗೆರೆಗಳಲ್ಲಿ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸೀಳು ಮಾತ್ರ. ಪಕಾರಕ್ಕೆ ಹೊಟ್ಟೆ ಸೀಳಿದರೆ ಷ, ಕೆಳಗೆ ಸೀಳಿದರೆ ಫ. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ. 'ರಾಷ್ಟ್ರ' ಅಂತ ಬರೆದರೆ ಒಂದೇ ಅಕ್ಷರದ ಕೆಳಗೆ ಎರಡು ಒತ್ತು. ಪುಸ್ತಕದ ಒಳಪುಟದಲ್ಲಿ 10 ಪಾಯಿಂಟ್ ಅಕ್ಷರ ಇದೆ ಅಂದುಕೊಳ್ಳಿ. ಅದನ್ನು ಅಚ್ಚಿನ ನಿಜ ಗಾತ್ರದಲ್ಲೇ ಪರದೆಯ ಮೇಲೆ ನೋಡಿದರೆ 27 ಇಂಚಿನ ಫುಲ್ ಎಚ್‌ಡಿಯಲ್ಲಿ ಅದಕ್ಕೆ ಸಿಗುವುದು 11 ಚುಕ್ಕೆಯಷ್ಟು ಎತ್ತರ. ತಲೆಕಟ್ಟಿನಿಂದ ಒತ್ತಿನವರೆಗೆ ಎಲ್ಲವೂ ಆ ಹನ್ನೊಂದರಲ್ಲೇ ಹಿಡಿಯಬೇಕು. ಧ ಅಕ್ಷರದ ಸೀಳಿಗೆ ಒಂದು ಪೂರ್ತಿ ಚುಕ್ಕೆಯೂ ಉಳಿಯುವುದಿಲ್ಲ, ಬೂದು ಬಣ್ಣದ ಕಲೆಯಾಗಿ ಕಾಣುತ್ತದೆ. ಕ್ಯುಎಚ್‌ಡಿಯಲ್ಲಿ ಇದೇ ಅಕ್ಷರಕ್ಕೆ 15 ಚುಕ್ಕೆ ಸಿಗುತ್ತವೆ. ಸೀಳು ಸೀಳಾಗಿ ಕಾಣುತ್ತದೆ. 4ಕೆಯಲ್ಲಿ 22ಕ್ಕಿಂತ ಜಾಸ್ತಿ.

ಹಾಗಾದರೆ ಮಗ ಹೇಳಿದ್ದೇ ಸರಿ ಅಲ್ವಾ, 4ಕೆನೇ ತಗೊಳ್ಳಬಹುದಲ್ಲ? ಅಕ್ಷರದ ಚೂಪಿನ ಮಟ್ಟಿಗೆ ಅವನ ಮಾತು ನೂರಕ್ಕೆ ನೂರು ಸರಿ. ಬೇರೆಯವರು ಕೇಳಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ನಿಮಗೆ ಅಡ್ಡ ಬರುವುದು ಪೇಜ್‌ಮೇಕರ್.

27 ಇಂಚಿನ 4ಕೆಯಲ್ಲಿ ಎಲ್ಲವೂ ತೀರಾ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ವಿಂಡೋಸ್ ಎಲ್ಲವನ್ನೂ 150 ಪರ್ಸೆಂಟಿಗೆ ದೊಡ್ಡದು ಮಾಡಿ ತೋರಿಸುತ್ತದೆ. ಇದಕ್ಕೆ ಸ್ಕೇಲಿಂಗ್ ಅನ್ನುತ್ತಾರೆ. ಹೊಸ ತಂತ್ರಾಂಶಗಳಿಗೆ ಇದು ಗೊತ್ತಿರುತ್ತದೆ, ತಮ್ಮ ಅಕ್ಷರವನ್ನು ತಾವೇ ಹೊಸದಾಗಿ ಬರೆದುಕೊಳ್ಳುತ್ತವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಆಗ ಈ ಗೊಡವೆಯೇ ಇರಲಿಲ್ಲ. ಹೀಗಾಗಿ ವಿಂಡೋಸ್ ಏನು ಮಾಡುತ್ತದೆ? ಅದರ ಕಿಟಕಿಯನ್ನು ಒಂದು ಫೋಟೋ ಎಳೆದು ಹಿಗ್ಗಿಸಿದ ಹಾಗೆ ಹಿಗ್ಗಿಸುತ್ತದೆ. ಅಕ್ಷರ ಮಬ್ಬಾಗುತ್ತದೆ. ಅಂದರೆ ಜಾಸ್ತಿ ದುಡ್ಡು ಕೊಟ್ಟು 4ಕೆ ತಂದು, ನಿಮ್ಮ ಮುಖ್ಯ ಕೆಲಸವನ್ನು ಮಬ್ಬಿನಲ್ಲೇ ಮಾಡಿದ ಹಾಗಾಯಿತು. ಪೇಜ್‌ಮೇಕರ್ ಐಕಾನಿನ ಪ್ರಾಪರ್ಟೀಸ್‌ನೊಳಗಿನ ಕಂಪ್ಯಾಟಿಬಿಲಿಟಿಗೆ ಹೋಗಿ ಈ ಹಿಗ್ಗಿಸುವುದನ್ನು ನಿಲ್ಲಿಸಬಹುದು. ಆದರೆ ಆಗ ಮೆನುಗಳು ಸಾಸಿವೆ ಕಾಳಷ್ಟಾಗುತ್ತವೆ. ಬೈಫೋಕಲ್ ಹಾಕಿದವರಿಗೆ ಅದು ಶಿಕ್ಷೆಯೇ.

27 ಇಂಚಿನ ಕ್ಯುಎಚ್‌ಡಿಯಲ್ಲಿ ಈ ಗೋಳಿಲ್ಲ. ಸ್ಕೇಲಿಂಗ್ 100 ಪರ್ಸೆಂಟಿನಲ್ಲೇ ಇಡಬಹುದು. ಯಾವ ತಂತ್ರಾಂಶವನ್ನೂ ಹಿಗ್ಗಿಸುವ ಪ್ರಶ್ನೆ ಬರುವುದಿಲ್ಲ. ಮೆನುಗಳು 24 ಇಂಚಿನ ಫುಲ್ ಎಚ್‌ಡಿಗಿಂತ ತುಸು ಸಣ್ಣದಾಗಿ ಕಾಣುತ್ತವೆ, ಅದು ನಿಜ. ಪುಟವನ್ನಂತೂ ಎಷ್ಟು ಬೇಕೋ ಅಷ್ಟು ಝೂಮ್ ಮಾಡಿಕೊಳ್ಳುತ್ತೀರಿ. ಮುಂದೆ ನೀವು ಪೂರ್ತಿ ಇನ್‌ಡಿಸೈನ್ (ಪುಟ ಕಟ್ಟುವ ಹೊಸ ತಂತ್ರಾಂಶ) ಮತ್ತು ಯುನಿಕೋಡ್ ಅಕ್ಷರಗಳಿಗೆ ಹೋಗುವವರಿದ್ದರೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಆಗ 4ಕೆಗೇ ನನ್ನ ಓಟು.

4ಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ನಿಮ್ಮ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ, ಅಂದರೆ ಮಾನಿಟರಿಗೆ ಚಿತ್ರ ಕಳಿಸುವ ಕಿಂಡಿ. ಐದಾರು ವರ್ಷದ ಹಿಂದಿನ ಲ್ಯಾಪ್‌ಟಾಪುಗಳಲ್ಲಿ, ಇಂಟೆಲ್‌ನ 10ನೇ ತಲೆಮಾರಿನ ಚಿಪ್ ಇರುವವುಗಳಲ್ಲೂ ಸೇರಿ, ಬಹಳಷ್ಟರಲ್ಲಿ ಇರುವುದು ಎಚ್‌ಡಿಎಂಐ 1.4. ಅದರಿಂದ 4ಕೆ ಬರುತ್ತದೆ, ಆದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ. ಮೌಸ್ ಎಳೆದರೆ ಬಾಣ ತಡವರಿಸುತ್ತದೆ, ಪುಟ ಸರಿಸಿದರೆ ಕುಲುಕುತ್ತದೆ. ಹತ್ತು ನಿಮಿಷದಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. 4ಕೆ ಸರಾಗವಾಗಿ, 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಬರಬೇಕಾದರೆ ಎಚ್‌ಡಿಎಂಐ 2.0 ಬೇಕು. ಕ್ಯುಎಚ್‌ಡಿಗೆ 1.4 ಸಾಕು, 60 ಹರ್ಟ್ಸ್ ಆರಾಮವಾಗಿ ಬರುತ್ತದೆ.

ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಕಿಂಡಿಯೂ ಇರಬಹುದು. ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಬರುತ್ತದೆ ಅಂತಲ್ಲ. ಕೆಲವು ಕಿಂಡಿಗಳು ಫೈಲ್ ಸಾಗಿಸಲು ಮಾತ್ರ. ಪಕ್ಕದಲ್ಲಿ ಬಾಣದ ಮೊನೆಯಿರುವ ಮಿಂಚಿನ ಗುರುತು (ಥಂಡರ್‌ಬೋಲ್ಟ್) ಅಥವಾ ಇಂಗ್ಲಿಷಿನ ಡಿ ಅಕ್ಷರದೊಳಗೆ ಪಿ ಕೂತಂಥ ಗುರುತು ಇದ್ದರೆ ಚಿತ್ರವೂ ಬರುತ್ತದೆ. ಗುರುತು ಇಲ್ಲದಿದ್ದರೆ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್‌ನ ವಿವರ ನೋಡಿ, ಕೆಲವರು ಗುರುತೇ ಹಾಕಿರುವುದಿಲ್ಲ. ಫೋನ್ ಚಾರ್ಜರ್ ಜೊತೆ ಬಂದ ಟೈಪ್-ಸಿ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಚಿತ್ರ ಹೋಗುವುದಿಲ್ಲ. ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಚಾರ್ಜೂ ಆಗುವ ಮಾನಿಟರ್‌ಗಳಿವೆ, ಬಹಳ ಅನುಕೂಲ. ಆದರೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ವಸೂಲಾಗುವುದು ಅನುಮಾನ. ಎಚ್‌ಡಿಎಂಐನಲ್ಲೇ ನಡೆಸಿ.

ಇನ್ನು ಟಿವಿ. ನಿಮ್ಮ ಮನೆಯವರ ಉಳಿತಾಯದ ಯೋಚನೆ ಒಳ್ಳೆಯದೇ. ಆದರೆ ನಮ್ಮಲ್ಲಿ ಮಾರಾಟವಾದ 32 ಇಂಚಿನ ಟಿವಿಗಳಲ್ಲಿ ಬಹಳಷ್ಟು ಎಚ್‌ಡಿ ರೆಡಿ, ಅಂದರೆ 1366ಕ್ಕೆ 768 ಚುಕ್ಕೆ. ಇಂಚಿಗೆ 49 ಬಂತು. ಸಿನಿಮಾವನ್ನು ಸೋಫಾದ ಮೇಲೆ ಕೂತು ನೋಡಲು ಮಾಡಿದ್ದು ಅದು. ಎರಡಡಿ ದೂರದಲ್ಲಿ ಕೂತು ಕರಡು ತಿದ್ದಲು ಅಲ್ಲ. ಸಾಲದ್ದಕ್ಕೆ ಕೆಲವು ಟಿವಿಗಳು ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುತ್ತವೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಕೆಂಪು ಅಕ್ಷರ ಮಾತ್ರ ಅಂಚಿನಲ್ಲಿ ಕಲಸಿಹೋಗುತ್ತದೆ. ನೀವು ತಿದ್ದುಪಡಿ ಹಾಕುವುದೇ ಕೆಂಪಿನಲ್ಲಿ ಅಲ್ವಾ?

ಕರ್ವ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 34 ಇಂಚಿನ ಅಗಲ ಪರದೆಗೆ ಬಾಗು ಅರ್ಥಪೂರ್ಣ, 27ಕ್ಕೆ ಸುಮ್ನೆ ಶೋಕಿ. ಪುಟ ಕಟ್ಟುವವರಿಗೆ ನೇರ ಗೆರೆ ನೇರವಾಗಿಯೇ ಕಾಣಬೇಕು. ಕಡಿಮೆ ಬೆಲೆಯ ಕರ್ವ್ಡ್‌ಗಳಲ್ಲಿ ಇರುವುದು ಹೆಚ್ಚಾಗಿ ವಿಎ ಪ್ಯಾನೆಲ್. ಕಪ್ಪು ಬಣ್ಣ ಅದರಲ್ಲಿ ಚೆನ್ನಾಗಿ ಬರುತ್ತದೆ, ರಾತ್ರಿ ಸಿನಿಮಾಕ್ಕೆ ಒಳ್ಳೆಯದು. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಬದಲಾಗುತ್ತದೆ, ಕಪ್ಪು ಅಕ್ಷರ ಸರಿಸುವಾಗ ಬಾಲ ಎಳೆದಂತೆ ಕಾಣುವುದೂ ಉಂಟು. ಐಪಿಎಸ್ ತಗೊಳ್ಳಿ. 100 ಹರ್ಟ್ಸ್, 144 ಹರ್ಟ್ಸ್, ಎಚ್‌ಡಿಆರ್ 400 ಇವುಗಳಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ. ಎಚ್‌ಡಿಆರ್ ಅಂದರೆ ಬೆಳಕು ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಸೌಲಭ್ಯ, 400 ಅನ್ನುವುದು ಅದರ ದರ್ಜೆಗಳಲ್ಲಿ ಅತಿ ಕೆಳಗಿನದು, ಅದರಿಂದ ಕಣ್ಣಿಗೆ ಕಾಣುವ ಲಾಭ ಬಹಳ ಕಡಿಮೆ.

27 ಇಂಚೇ ಯಾಕೆ, 24 ಸಾಲದಾ? ಇಲ್ಲಿ ಅಳತೆ ಪಟ್ಟಿ ಹಿಡಿದು ನೋಡೋಣ. 27 ಇಂಚಿನ ಪರದೆಯ ಅಗಲ ಸುಮಾರು 60 ಸೆಂ.ಮೀ., ಎತ್ತರ 33.6. ಎ4 ಹಾಳೆ 21ಕ್ಕೆ 29.7. ಎರಡು ಎ4 ಪುಟಗಳನ್ನು ಅಕ್ಕಪಕ್ಕ ನಿಜ ಗಾತ್ರದಲ್ಲಿ ಇಟ್ಟರೂ ಪಕ್ಕದಲ್ಲಿ ಸುಮಾರು 18 ಸೆಂ.ಮೀ. ಮಿಗುತ್ತದೆ. ಎತ್ತರದಲ್ಲಿ ಮೆನುವಿಗೂ ಕೆಳಗಿನ ಪಟ್ಟಿಗೂ ನಾಲ್ಕು ಸೆಂ.ಮೀ. ಉಳಿಯುತ್ತದೆ. 24 ಇಂಚಿನದರ ಎತ್ತರ 29.9 ಮಾತ್ರ, ಮೆನು ಕಳೆದರೆ ಪೂರ್ತಿ ಪುಟ ಹಿಡಿಯುವುದಿಲ್ಲ. ಎಡಕ್ಕೆ ಹಸ್ತಪ್ರತಿಯ ಸ್ಕ್ಯಾನ್, ಬಲಕ್ಕೆ ಕಟ್ಟಿದ ಪುಟ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುವುದು ನಿಮ್ಮ ಕೆಲಸ. ಲ್ಯಾಪ್‌ಟಾಪಿನಲ್ಲಿ ಅದನ್ನು ಕಿಟಕಿ ಬದಲಿಸಿ ಬದಲಿಸಿ ಮಾಡುತ್ತಿದ್ದೀರಿ. ದಣಿವಿನ ಒಂದು ಪಾಲು ಅದರದ್ದೇ. 32 ಇಂಚಿನ ಕ್ಯುಎಚ್‌ಡಿಗೆ ಮಾತ್ರ ಹೋಗಬೇಡಿ, ಚುಕ್ಕೆಗಳು ಮತ್ತೆ ಇಂಚಿಗೆ 92ಕ್ಕೆ ಇಳಿಯುತ್ತವೆ.

ಕತ್ತಿನ ವಿಷಯಕ್ಕೆ ಬರೋಣ, ಯಾಕೆಂದರೆ ಮಾನಿಟರ್ ತಂದ ಮಾತ್ರಕ್ಕೆ ಕತ್ತು ನೋವು ಹೋಗುವುದಿಲ್ಲ. ಮಾಮೂಲಿ ಸಲಹೆ ಏನೆಂದರೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ ಅಂತ. ಬೈಫೋಕಲ್ ಹಾಕುವವರಿಗೆ ಈ ಸಲಹೆ ಉಲ್ಟಾ ಹೊಡೆಯುತ್ತದೆ. ಹತ್ತಿರದ ಓದಿಗೆ ಬೇಕಾದ ಗಾಜು ಇರುವುದು ಕನ್ನಡಕದ ಕೆಳಭಾಗದಲ್ಲಿ. ಪರದೆ ಎತ್ತರದಲ್ಲಿದ್ದರೆ ಆ ಗಾಜಿನಿಂದ ನೋಡಲು ಗದ್ದ ಮೇಲೆತ್ತುತ್ತೀರಿ. ಇಡೀ ದಿನ ಗದ್ದ ಎತ್ತಿ ಕೂತರೆ ಕತ್ತಿನ ಹಿಂಭಾಗ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಒಂದು ಗೇಣಿನ ಅರ್ಧದಷ್ಟಾದರೂ ಕೆಳಗಿರಲಿ, ಪರದೆಯನ್ನು ತುಸು ಹಿಂದಕ್ಕೆ ವಾಲಿಸಿ. ಗದ್ದ ಎತ್ತದೆ ಎಲ್ಲ ಓದಲು ಬಂದರೆ ಅದೇ ಸರಿಯಾದ ಎತ್ತರ. ಸ್ಟ್ಯಾಂಡ್ ಏರಿಸಿ ಇಳಿಸುವಂತಿರಬೇಕು ಅಂತ ಮೊದಲೇ ಹೇಳಿದ್ದು ಇದಕ್ಕೇ. ಅಗ್ಗದ ಮಾನಿಟರ್‌ಗಳ ಸ್ಟ್ಯಾಂಡ್ ಹಿಂದೆ ಮುಂದೆ ವಾಲುತ್ತದೆಯೇ ಹೊರತು ಎತ್ತರ ಬದಲಾಗುವುದಿಲ್ಲ. ಅಂಥದ್ದೇ ತಗೊಳ್ಳಬೇಕಾಗಿ ಬಂದರೆ ಹಿಂಭಾಗದಲ್ಲಿ ನಾಲ್ಕು ತೂತಿನ ವೆಸಾ ಜಾಗ ಇದೆಯಾ ನೋಡಿ, ಸಾಮಾನ್ಯವಾಗಿ 100ಕ್ಕೆ 100 ಅಥವಾ 75ಕ್ಕೆ 75 ಮಿ.ಮೀ. ಇರುತ್ತದೆ. ಇದ್ದರೆ ಮುಂದೆ ಮೇಜಿಗೆ ಕಚ್ಚುವ ತೋಳು ಹಾಕಿಸಬಹುದು.

ಇನ್ನೂ ಒಳ್ಳೆಯ ದಾರಿ ಅಂದರೆ ಕಂಪ್ಯೂಟರಿಗೆ ಅಂತಲೇ ಬೇರೆ ಕನ್ನಡಕ. ಕೂತಲ್ಲಿಂದ ಪರದೆಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆಯಿರಿ, ಸಾಮಾನ್ಯವಾಗಿ 60ರಿಂದ 70 ಸೆಂ.ಮೀ. ಬರುತ್ತದೆ. ಆ ಅಂಕಿಯನ್ನು ಕಣ್ಣಿನ ಡಾಕ್ಟರಿಗೆ ಹೇಳಿದರೆ ಆ ದೂರಕ್ಕೆ ಸರಿಯಾಗಿ ಬರೆದುಕೊಡುತ್ತಾರೆ. ಜೊತೆಗೆ ಕೀಬೋರ್ಡ್, ಮೌಸ್ ಬೇರೆಯಾಗಿ ತಗೊಳ್ಳಿ. ಮಾನಿಟರ್ ಎದುರಿಗೆ, ಲ್ಯಾಪ್‌ಟಾಪ್ ಪಕ್ಕಕ್ಕೆ. ಲ್ಯಾಪ್‌ಟಾಪಿನ ಕೀಲಿಯನ್ನೇ ಒತ್ತುತ್ತಾ ಓರೆಯಾಗಿ ಮಾನಿಟರ್ ನೋಡುವವರನ್ನು ಬಹಳ ಕಂಡಿದ್ದೇನೆ. ಕತ್ತು ನೋವು ಎಡಗಡೆಯಿಂದ ಬಲಗಡೆಗೆ ಹೋಗುತ್ತದೆ, ಅಷ್ಟೆ.

ಕಣ್ಣುರಿಗೆ ಅಂಗಡಿಯವರು ಬ್ಲೂ ಲೈಟ್ ಮಾತು ತೆಗೆಯುತ್ತಾರೆ. ಅದಕ್ಕೆ ದುಡ್ಡು ಹಾಕಬೇಡಿ. ಕಂಪ್ಯೂಟರ್ ಕೆಲಸಕ್ಕೆ ನೀಲಿ ಬೆಳಕು ತಡೆಯುವ ಕನ್ನಡಕ ಬೇಕಿಲ್ಲ ಎಂದು ಅಮೆರಿಕದ ಕಣ್ಣಿನ ವೈದ್ಯರ ಸಂಘವೇ ಹೇಳುತ್ತದೆ. ಉರಿಯುವುದು ಹೆಚ್ಚಾಗಿ ಕಣ್ಣು ಒಣಗುವುದರಿಂದ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ. ಮೇಲೆ ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಸುತ್ತಿದ್ದರೆ ಮುಗಿಯಿತು. ಮೇಜಿನ ಜಾಗ ಬದಲಿಸಿ ನೋಡಿ. ಕಿಟಕಿ ಮಾನಿಟರಿನ ಹಿಂದೂ ಬೇಡ, ನಿಮ್ಮ ಬೆನ್ನ ಹಿಂದೂ ಬೇಡ, ಪಕ್ಕಕ್ಕಿರಲಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆ 20 ಸೆಕೆಂಡ್ ನೋಡುವ ರೂಢಿ ಒಳ್ಳೆಯದು. ಇಷ್ಟಾದರೂ ಉರಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಬೆಳಕನ್ನೂ ಸರಿ ಮಾಡಿಕೊಳ್ಳಬೇಕು. ಹೊಸ ಮಾನಿಟರ್‌ಗಳು ಅಂಗಡಿಯಲ್ಲಿ ಮಿಂಚಲಿ ಅಂತ ವಿಪರೀತ ಬೆಳಕಿಗೆ ಇಟ್ಟಿರುತ್ತಾರೆ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ದೀಪದಂತೆ ಹೊಳೆಯದೆ ಹಾಳೆಯ ಬಿಳಿಗೆ ಹತ್ತಿರ ಬರುವವರೆಗೆ ಬೆಳಕು ಇಳಿಸಿ. ಆಮೇಲೆ ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಒಪ್ಪುವುದನ್ನು ಆರಿಸಿ. ಅಕ್ಷರದ ಅಂಚು ಸುಧಾರಿಸುತ್ತದೆ. ಲ್ಯಾಪ್‌ಟಾಪ್ ಪರದೆ 125 ಅಥವಾ 150 ಪರ್ಸೆಂಟಿನಲ್ಲಿ ಇರುತ್ತದೆ, ಮಾನಿಟರ್ 100ರಲ್ಲಿ. ಎರಡರ ನಡುವೆ ಪೇಜ್‌ಮೇಕರ್ ಎಳೆದಾಡಿದರೆ ಮಬ್ಬಾಗಬಹುದು. ಮಾನಿಟರನ್ನೇ ಮುಖ್ಯ ಪರದೆ ಮಾಡಿ, ಪೇಜ್‌ಮೇಕರ್ ಅಲ್ಲೇ ಇರಲಿ.

ಬಜೆಟ್ ಇನ್ನೂ ಕಡಿಮೆ ಇದೆ ಅನ್ನುವವರಿಗೆ ಒಂದು ಮಾತು. ಕಚೇರಿಗಳು ಬಳಸಿ ಮಾರಿದ ಮಾನಿಟರ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಅವುಗಳಲ್ಲಿ 24 ಇಂಚಿನ, 1920ಕ್ಕೆ 1200 ಚುಕ್ಕೆಯವು ಕರಡು ತಿದ್ದುವವರಿಗೆ ಹೇಳಿ ಮಾಡಿಸಿದ ಹಾಗಿವೆ. ಅವು ಮಾಮೂಲಿ 24 ಇಂಚಿಗಿಂತ ಎತ್ತರ, 32 ಸೆಂ.ಮೀ. ದಾಟುತ್ತವೆ. ಸ್ಟ್ಯಾಂಡ್ ಏರುತ್ತದೆ, ಇಳಿಯುತ್ತದೆ, ಪರದೆಯನ್ನು ತಿರುಗಿಸಿ ಉದ್ದವಾಗಿಯೂ ನಿಲ್ಲಿಸಬಹುದು. ಡೆಲ್‌ನ ಯು2412ಎಂ ಅಂಥದ್ದೇ, ಆದರೆ ಬಂದದ್ದು 2011ರಲ್ಲಿ, ಅದರಲ್ಲಿ ಎಚ್‌ಡಿಎಂಐ ಇಲ್ಲ. ಎಚ್‌ಡಿಎಂಐನಿಂದ ಡಿವಿಐಗೆ (ಹಳೆಯ ಬಗೆಯ ಚಿತ್ರದ ಕಿಂಡಿ) ಹೋಗುವ ಕೇಬಲ್ ಬೇಕಾಗುತ್ತದೆ. ಅದರ ನಂತರದ ಯು2415ರಲ್ಲಿ ಎಚ್‌ಡಿಎಂಐ ಇದೆ, ಸಿಕ್ಕರೆ ಅದೇ ಮೇಲು. ಅಂಗಡಿಯಲ್ಲೇ ಅರ್ಧ ಗಂಟೆ ಹಚ್ಚಿಟ್ಟು, ಪೂರ್ತಿ ಬಿಳಿ ಪುಟ ತೆರೆದು, ಮೂಲೆಗಳು ಹಳದಿಯಾಗಿವೆಯಾ ಅಂತ ನೋಡಿ ದುಡ್ಡು ಕೊಡಿ.

ಕರೆಂಟಿನ ಬಗ್ಗೆ ಚಿಂತೆ ಬೇಡ. ಇಂಥ ಮಾನಿಟರ್ 25ರಿಂದ 35 ವ್ಯಾಟ್ ತಿನ್ನುತ್ತದೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಅಂದರೂ ಐದರಿಂದ ಏಳು ಯೂನಿಟ್. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಮಾನಿಟರ್ ಆರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿನ ಪ್ಲಗ್ಗಿಗೇ ಹಾಕಿ. ಬಹಳ ಮನೆಗಳಲ್ಲಿ ಲೈಟು, ಫ್ಯಾನು ಮಾತ್ರ ಇನ್ವರ್ಟರ್‌ಗೆ ಸೇರಿರುತ್ತವೆ, ಎಲೆಕ್ಟ್ರಿಷಿಯನ್ ಕೈಲಿ ಕೇಳಿ ನೋಡಿ. ನಿಮ್ಮದು ಮಲೆನಾಡಿನ ಬಾಗಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾನಿಟರಿನ ಪ್ಲಗ್ ಕಿತ್ತರೆ ಸಾಲದು, ಎಚ್‌ಡಿಎಂಐ ಕೇಬಲನ್ನೂ ಬಿಡಿಸಿ. ಮಾನಿಟರಿಗೆ ಬಿದ್ದ ಹೊಡೆತ ಆ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೂ ಹೋಗಬಹುದು.

ಕೊಳ್ಳುವಾಗ ಮೂರು ವರ್ಷದ ವಾರಂಟಿ ಇರುವುದನ್ನು ಹುಡುಕಿ. ಶಿವಮೊಗ್ಗದಲ್ಲಿ ಮನೆಗೇ ಬಂದು ನೋಡುತ್ತಾರಾ, ಇಲ್ಲ ನೀವೇ ಹೊತ್ತುಕೊಂಡು ಹೋಗಬೇಕಾ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ. ಮೊದಲ ದಿನವೇ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಪುಟಗಳನ್ನು ಪರದೆ ತುಂಬ ತೆರೆದು ಸತ್ತ ಚುಕ್ಕೆ ಇದೆಯಾ ನೋಡಿ. ಒಂದೆರಡು ಸತ್ತ ಚುಕ್ಕೆ ಇದ್ದರೆ ಅದು ದೋಷವೇ ಅಲ್ಲ ಎಂದು ಕಂಪನಿಗಳು ವಾರಂಟಿಯಲ್ಲಿ ಕೈ ತೊಳೆದುಕೊಳ್ಳುವುದು ಸಾಮಾನ್ಯ. ಆದ್ದರಿಂದ ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಅದು ನಿಮ್ಮ ಕಣ್ಣಿಗೆ ಬೀಳಬೇಕು. ಥರ್ಮಾಕೋಲು, ಪೆಟ್ಟಿಗೆ ಎರಡನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದಲ್ಲಿ ಇಟ್ಟಿರಿ. ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕಾಗಿ ಬಂದರೆ ಬೇರೆ ಯಾವ ಪೆಟ್ಟಿಗೆಯಲ್ಲೂ ಅದು ನೆಟ್ಟಗೆ ಹೋಗಿ ಬರುವುದಿಲ್ಲ.